ಕೈ ಇಳಿಸಿಯೂ ಗೆಲ್ಲುವುದು ಹೇಗೆ?

ಪ್ರಶ್ನೆ: ಪಂದ್ಯವೊಂದರ ಇಂಗ್ಲಿಷ್ ವರದಿಯಲ್ಲಿ ಒಂದು ತಂಡ ‘ವನ್ ಹ್ಯಾಂಡ್ಸ್ ಡೌನ್’ ಎಂದಿತ್ತು. ‘ಕೈಚೆಲ್ಲಿತು’ ಎಂದು ನಾನು ಅನುವಾದಿಸಿದ್ದನ್ನು ಅಧ್ಯಾಪಕರು ತಿದ್ದಿದರು. ಕೈ ಕೆಳಗಿಳಿದರೆ ಗೆಲುವು ಹೇಗಾಗುತ್ತದೆ? ಈ ಮಾತನ್ನು ಎಲ್ಲಿ ಬಳಸಬೇಕು?
– ಪದವಿ ವಿದ್ಯಾರ್ಥಿನಿ, ಹಾಸನ

ಉತ್ತರ: ನೀವು ತಪ್ಪಿದ್ದು ಕನ್ನಡದ ಜಾಡಿನಲ್ಲಿ ನಡೆದದ್ದರಿಂದ. ನಮ್ಮ ನುಡಿಯಲ್ಲಿ ಕೈ ಮೇಲಾದವನು ಗೆದ್ದವನು, ಕೈಚೆಲ್ಲಿ ಕುಳಿತವನು ಆಸೆಯನ್ನೇ ಬಿಟ್ಟವನು. ಇಂಗ್ಲಿಷಿನ ಈ ನುಡಿಗಟ್ಟಿನಲ್ಲಿ ಮಾತ್ರ ಕೈ ಇಳಿಯುವುದು ಗೆಲುವು ಖಾತ್ರಿಯಾದ ಮೇಲೆ.

ಇದು 19ನೇ ಶತಮಾನದ ನಡುಭಾಗದಲ್ಲಿ ಕುದುರೆ ಪಂದ್ಯಗಳಿಂದ ಬಂದ ಮಾತು. ಪೈಪೋಟಿ ಬಿರುಸಾಗಿರುವಾಗ ಜಾಕಿಯು ಲಗಾಮನ್ನು ಬಿಗಿಯಾಗಿ ಹಿಡಿದು, ಕುದುರೆ ಕತ್ತು ಚಾಚಿದಂತೆಲ್ಲ ತನ್ನ ಕೈಗಳನ್ನೂ ಮುಂದಕ್ಕೆ ನೂಕುತ್ತ ಅದನ್ನು ಹುರಿದುಂಬಿಸುತ್ತಾನೆ. ಹಿಂದಿರುವ ಕುದುರೆಗಳು ಇನ್ನು ತನ್ನನ್ನು ಮುಟ್ಟಲಾರವು ಎಂಬುದು ಖಚಿತವಾದಾಗ ಆ ಶ್ರಮ ಬೇಕಾಗುವುದಿಲ್ಲ. ಲಗಾಮು ಸಡಿಲಿಸಿ, ಕೈಗಳನ್ನು ಇಳಿಸಿ, ಕುದುರೆ ತನ್ನ ಪಾಡಿಗೆ ತಾನು ಗುರಿ ದಾಟಲೆಂದು ಬಿಟ್ಟುಬಿಡುತ್ತಾನೆ. ಬೆಂಗಳೂರಿನ ಅಥವಾ ಮೈಸೂರಿನ ರೇಸ್‌ಕೋರ್ಸಿನಲ್ಲಿ ಓಟದ ಕೊನೆಯ ಭಾಗವನ್ನು ಗಮನಿಸಿ ನೋಡಿದವರಿಗೆ ಈ ವ್ಯತ್ಯಾಸ ಕಣ್ಣಿಗೆ ಕಟ್ಟಿದಂತಿರುತ್ತದೆ. ಹೀಗೆ ಕೈ ಸಡಿಲಿಸಿದ ಗಳಿಗೆಯಲ್ಲಿ ಹಿಂದಿನ ಕುದುರೆ ನುಗ್ಗಿ ಬಂದದ್ದೂ ಉಂಟು. ಆದ್ದರಿಂದಲೇ ಬ್ರಿಟನ್ನಿನಲ್ಲಿ, ಗುರಿ ಮುಟ್ಟುವ ಮೊದಲೇ ಕೈ ಇಳಿಸಿ ಗೆಲುವನ್ನು ಕಳೆದುಕೊಂಡ ಜಾಕಿಯನ್ನು ಕೆಲವು ದಿನ ಸವಾರಿಯಿಂದ ಅಮಾನತಿನಲ್ಲಿ ಇಡುತ್ತಾರೆ.

ಈ ಚಿತ್ರ ಮನಸ್ಸಿನಲ್ಲಿದ್ದರೆ ಬಳಕೆ ತಾನಾಗಿಯೇ ಸ್ಪಷ್ಟವಾಗುತ್ತದೆ. ಬರಿಯ ಗೆಲುವು ಇಲ್ಲಿ ಸಾಲದು. ಎದುರಾಳಿಗಿಂತ ಬಹಳ ಮುಂದಿದ್ದು, ಬೆವರದೆ ಗೆದ್ದಿರಬೇಕು. 2023ರ ಏಷ್ಯಾ ಕಪ್ ಫೈನಲ್‌ನಲ್ಲಿ ಶ್ರೀಲಂಕಾ 50 ರನ್ನಿಗೆ ಆಲೌಟಾಗಿ, ಭಾರತ 6.1 ಓವರುಗಳಲ್ಲಿ ಒಂದೂ ವಿಕೆಟ್ ಕಳೆದುಕೊಳ್ಳದೆ ಗುರಿ ಮುಟ್ಟಿತು. ಅಲ್ಲಿ ಈ ಮಾತು ಅಚ್ಚುಕಟ್ಟಾಗಿ ಹೊಂದುತ್ತದೆ. ಸೂಪರ್ ಓವರ್ ಕೂಡ ಸಮನಾಗಿ, ಬೌಂಡರಿಗಳ ಎಣಿಕೆಯಿಂದ ಇಂಗ್ಲೆಂಡ್ ಗೆದ್ದ 2019ರ ವಿಶ್ವಕಪ್ ಫೈನಲ್‌ಗೆ ಇದನ್ನು ಬಳಸಿದರೆ ಅದು ಸುಳ್ಳು ವರದಿಯೇ ಆದೀತು.

‘ವಿನ್’ ಮತ್ತು ‘ಬೀಟ್’ ಎಂಬ ಕ್ರಿಯಾಪದಗಳ ಜೊತೆಗೆ ಇದು ಹೆಚ್ಚಾಗಿ ಬರುತ್ತದೆ. ಕಾಲಾಂತರದಲ್ಲಿ ಪಂದ್ಯದ ನಂಟು ಕಳಚಿ, ‘ಸಂಶಯವೇ ಇಲ್ಲದೆ’ ಎಂಬ ಅರ್ಥವೂ ಸೇರಿಕೊಂಡಿದೆ: ‘ಹ್ಯಾಂಡ್ಸ್ ಡೌನ್ ದ ಬೆಸ್ಟ್ ದೋಸೆ ಇನ್ ಟೌನ್’ ಎಂದರೆ ಊರಿನಲ್ಲಿ ಅದಕ್ಕಿಂತ ಒಳ್ಳೆಯ ದೋಸೆಯಿಲ್ಲ, ಅದರಲ್ಲಿ ಎರಡು ಮಾತಿಲ್ಲ ಎಂದು. ಈ ಎರಡನೆಯ ಬಳಕೆ ಮಾತುಕತೆಗೆ ಸೊಗಸು. ಪರೀಕ್ಷೆಯ ಉತ್ತರದಲ್ಲಿ ಅಥವಾ ಕಚೇರಿಯ ಪತ್ರದಲ್ಲಿ ಅದನ್ನು ಬಿಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಅನುವಾದಿಸುವಾಗ ಕೈಯನ್ನು ಉಳಿಸಿಕೊಳ್ಳುವ ಹಟ ಬೇಡ. ‘ನಿರಾಯಾಸವಾಗಿ ಗೆದ್ದಿತು’, ‘ಸಲೀಸಾಗಿ ಗೆದ್ದಿತು’ ಎಂದರೆ ಸಾಕು. ನನಗೆ ಎಲ್ಲಕ್ಕಿಂತ ಹಿಡಿಸುವುದು ‘ಲೀಲಾಜಾಲವಾಗಿ’. ಜಾಕಿಯ ಆ ನಿರಾಳತೆ ಅದರಲ್ಲಿ ಹಾಗೆಯೇ ಇಳಿದು ಬರುತ್ತದೆ.

ಇನ್ನೊಂದು ಎಚ್ಚರಿಕೆ: ‘ಹ್ಯಾಂಡ್ಸ್ ಡೌನ್’ ಬೇರೆ, ‘ಹ್ಯಾಂಡ್ ಡೌನ್’ ಬೇರೆ. ನ್ಯಾಯಾಲಯವು ತೀರ್ಪನ್ನು ‘ಹ್ಯಾಂಡೆಡ್ ಡೌನ್’ ಮಾಡಿತು ಎಂದು ಓದಿದರೆ, ತೀರ್ಪು ನೀಡಿತು ಎಂದಷ್ಟೇ ಅರ್ಥ. ಅಜ್ಜಿಯ ಓಲೆ ಮೊಮ್ಮಗಳಿಗೆ ಬಂದದ್ದನ್ನು ಹೇಳುವಾಗಲೂ ಇದೇ ಕ್ರಿಯಾಪದ ಬಳಕೆಯಾಗುತ್ತದೆ.