ಅವರು ನಮಗೆ ಏನಾಗಬೇಕು?

ಪ್ರಶ್ನೆ: ಹೋದ ತಿಂಗಳು ಒಂದು ಮದುವೆಯಲ್ಲಿ ಅಮ್ಮನ ಚಿಕ್ಕಮ್ಮನ ಮಗ ಸಿಕ್ಕಿದ್ದರು. ನನಗಿಂತ ನಾಲ್ಕು ವರ್ಷ ಚಿಕ್ಕವರು. ಹೆಸರು ಹಿಡಿದು ಮಾತಾಡಿಸಿದೆ. ಅಮ್ಮ ಪಕ್ಕಕ್ಕೆ ಕರೆದು 'ಮಾವ ಅನ್ನು' ಅಂದರು. ಅವರು ನನಗೆ ಹೇಗೆ ಮಾವ? ನನ್ನ ಮಗಳಿಗಂತೂ ಎಲ್ಲರೂ ಅಂಕಲ್, ಆಂಟಿ, ಕಸಿನ್. ಅವಳಿಗೆ ಹೇಗೆ ಹೇಳಿಕೊಡಲಿ?
ಓದುಗರೊಬ್ಬರು, ತುಮಕೂರು

ಉತ್ತರ: ಅಮ್ಮ ಹೇಳಿದ್ದೇ ಸರಿ. ಅಮ್ಮನ ಚಿಕ್ಕಮ್ಮ ಅಂದರೆ ನಿಮ್ಮ ಅಜ್ಜಿಯ ತಂಗಿ. ಅಕ್ಕ-ತಂಗಿಯರ ಮಕ್ಕಳು ನಮ್ಮಲ್ಲಿ ಒಡಹುಟ್ಟಿದವರ ಲೆಕ್ಕ. ಹಾಗಾಗಿ ಅವರು ನಿಮ್ಮ ಅಮ್ಮನಿಗೆ ತಮ್ಮ, ಅಮ್ಮನ ತಮ್ಮ ನಿಮಗೆ ಸೋದರಮಾವ. ವಯಸ್ಸಿನಲ್ಲಿ ಚಿಕ್ಕವರಾದರೂ ವರಸೆಯಲ್ಲಿ ದೊಡ್ಡವರು.

ನಮ್ಮ ಅಜ್ಜಿ ಊಟ ಆದಮೇಲೆ ಎಲೆ-ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಇದನ್ನು ಹೇಳಿಕೊಡುತ್ತಿದ್ದರು. ಅಡಿಕೆ ಗಂಡು, ಎಲೆ ಹೆಣ್ಣು. ಅಪ್ಪ ಅಂತ ಒಂದು ಅಡಿಕೆ ಇಟ್ಟು ಪಕ್ಕದಲ್ಲಿ ಇನ್ನೊಂದು ಅಡಿಕೆ ಇಟ್ಟರೆ ಅದು ದೊಡ್ಡಪ್ಪ ಇಲ್ಲವೇ ಚಿಕ್ಕಪ್ಪ. ಎಲೆ ಪಕ್ಕ ಎಲೆ ಇಟ್ಟರೆ ದೊಡ್ಡಮ್ಮ, ಚಿಕ್ಕಮ್ಮ. ಹೆಸರಲ್ಲೇ ಅಪ್ಪ, ಅಮ್ಮ ಇದ್ದಾರೆ ನೋಡಿ, ಅದಕ್ಕೇ ಅವರ ಮಕ್ಕಳು ನಮಗೆ ಅಣ್ಣ, ತಮ್ಮ, ಅಕ್ಕ, ತಂಗಿ. ಆದರೆ ಅಪ್ಪನ ಅಡಿಕೆ ಪಕ್ಕ ಎಲೆ ಬಂತೋ, ಅತ್ತೆ. ಅಮ್ಮನ ಎಲೆ ಪಕ್ಕ ಅಡಿಕೆ ಬಂತೋ, ಮಾವ. ಅಲ್ಲಿಂದ ದಾರಿಯೇ ಬೇರೆ: ಅವರ ಮಕ್ಕಳು ಭಾವ, ಭಾಮೈದ, ಅತ್ತಿಗೆ, ನಾದಿನಿ ಆಗುತ್ತಾರೆಯೇ ಹೊರತು ಅಣ್ಣ-ತಂಗಿ ಆಗುವುದಿಲ್ಲ.

ಯಾಕೆ ಅಂದರೆ, ಅತ್ತೆ-ಮಾವನ ಮಕ್ಕಳನ್ನು ಮದುವೆಯಾಗುವ ರೂಢಿ ಇತ್ತು, ಹಲವು ಕಡೆ ಈಗಲೂ ಇದೆ. ಹೀಗಾಗಿಯೇ ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಗಂಡಸಿಗೆ ಅಕ್ಕನ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ರಕ್ತಸಂಬಂಧದಲ್ಲಿ ಮದುವೆಯಾದರೆ ಮಕ್ಕಳಿಗೆ ಅನುವಂಶೀಯ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ, ಆ ರೂಢಿ ಬಿಡುವುದೇ ಒಳ್ಳೆಯದು. ಆದರೆ ಪದಗಳನ್ನು ಬಿಡಬೇಡಿ. ತಮಿಳು, ತೆಲುಗಿನಲ್ಲೂ ಇದೇ ಲೆಕ್ಕ. ನಮ್ಮಲ್ಲೇ ಧಾರವಾಡದ ಕಡೆ ಕಾಕಾ, ಚಿಗವ್ವ ಅನ್ನುತ್ತಾರೆ, ಕಲಬುರಗಿ ಕಡೆ ಅಜ್ಜನಿಗೆ ಮುತ್ಯಾ ಅನ್ನುತ್ತಾರೆ, ಹೆಸರು ಬದಲಾದರೂ ಒಳಗಿನ ಕಟ್ಟು ಬದಲಾಗಿಲ್ಲ.

ನಿಮ್ಮ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುಣಸೆ ಬೀಜ, ಕಡಲೆ ಬೀಜ ಇಟ್ಟು ತೋರಿಸಿ. ಅವಳ ಕಡೆಯ ನಾಲ್ಕು ಜನರಿಂದ ಶುರು ಮಾಡಿ, ಒಂದೇ ಸಲ ಇಡೀ ವಂಶ ಬೇಡ. ಆ ಮಾವ ಅವಳಿಗೆ ವರಸೆಯಲ್ಲಿ ತಾತ ಆಗಬೇಕು. ಅಷ್ಟು ಚಿಕ್ಕವರನ್ನು ತಾತ ಅನ್ನಲು ಬಾಯಿ ಬರದಿದ್ದರೆ ಅವಳೂ ಮಾವ ಅನ್ನಲಿ, ಪರವಾಗಿಲ್ಲ, ಏನಾಗಬೇಕು ಅನ್ನುವುದು ಗೊತ್ತಿದ್ದರೆ ಸಾಕು.

ಪ್ರಶ್ನೆ: ಹೆಂಡತಿಯ ಅಕ್ಕನ ಗಂಡನನ್ನು ಏನನ್ನುತ್ತಾರೆ? ಕರೆಯುವುದು ಹೇಗೆ?
ಓದುಗರೊಬ್ಬರು, ಹಾಸನ

ಉತ್ತರ: ಷಡ್ಡಕ. ಅಣ್ಣ-ತಮ್ಮಂದಿರ ಹೆಂಡತಿಯರು ಓರಗಿತ್ತಿಯರಾದ ಹಾಗೆ, ಅಕ್ಕ-ತಂಗಿಯರ ಗಂಡಂದಿರು ಷಡ್ಡಕರು. ಆದರೆ ಎದುರಿಗೆ ಯಾರೂ 'ಷಡ್ಡಕರೇ' ಅಂತ ಕರೆಯುವುದಿಲ್ಲ. ನಿಮ್ಮ ಮಕ್ಕಳು ಅವರನ್ನು ದೊಡ್ಡಪ್ಪ ಅನ್ನುತ್ತಾರೆ ಅಲ್ವಾ? ಮಕ್ಕಳ ದೊಡ್ಡಪ್ಪ ನಿಮಗೆ ಅಣ್ಣ. ಹಾಗೇ ಕರೆಯಿರಿ.