‘ಸ್ವಲ್ಪ ನೋಡ್ಕೊಳ್ಳಿ’ ಅಂದಾಗ: ಲಂಚದ ಕುರಿತು ಓದುಗರ ಪ್ರಶ್ನೆ, ನಮ್ಮ ಉತ್ತರ

ಸರ್ಕಾರಿ ಕಚೇರಿ, ಕಾಮಗಾರಿ, ನೇಮಕಾತಿ ಪರೀಕ್ಷೆಗಳಲ್ಲಿನ ಭ್ರಷ್ಟಾಚಾರದ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಕೇಳಿದವರ ಹೆಸರು, ಊರು ಬಿಟ್ಟಿದ್ದೇವೆ.

ಪ್ರಶ್ನೆ: ತಂದೆ ತೀರಿಕೊಂಡು ಎಂಟು ತಿಂಗಳಾಯಿತು. ಅವರ ಜಮೀನನ್ನು ವಾರಸುದಾರರಾದ ನಮ್ಮ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅರ್ಜಿ ಕೊಟ್ಟಿದ್ದೇವೆ. ಹೋದಾಗಲೆಲ್ಲ ‘ಸರ್ವರ್ ಇಲ್ಲ’, ‘ಸಾಹೇಬ್ರು ಮೀಟಿಂಗಲ್ಲಿದಾರೆ’ ಎನ್ನುತ್ತಾರೆ. ಕಳೆದ ವಾರ ಒಬ್ಬರು ‘ಸ್ವಲ್ಪ ನೋಡ್ಕೊಳ್ಳಿ, ಎರಡು ದಿನದಲ್ಲಿ ಆಗುತ್ತೆ’ ಎಂದರು. ಕೊಟ್ಟು ಮುಗಿಸೋಣವೇ?

ಉತ್ತರ: ಕೊಡಬೇಡಿ. ಮೊದಲು ಮನೆಯಲ್ಲಿ ಹುಡುಕಿ ನೋಡಿ, ಅರ್ಜಿ ಕೊಟ್ಟಾಗ ಕಂಪ್ಯೂಟರಿನಿಂದ ತೆಗೆದುಕೊಟ್ಟ ಸ್ವೀಕೃತಿ ಚೀಟಿ ನಿಮ್ಮಲ್ಲಿದೆಯೇ? ಹೀಗೆ ತಿಂಗಳುಗಟ್ಟಲೆ ಅಲೆಯುವ ಎಷ್ಟೋ ಮಂದಿಯ ಅರ್ಜಿ ದಾಖಲೇ ಆಗಿರುವುದಿಲ್ಲ. ಕಾಗದಗಳನ್ನು ಮೇಜಿನ ಮೇಲೆ ಇಟ್ಟು, ‘ಆಯ್ತು ಹೋಗಿ, ನೋಡ್ತೀವಿ’ ಎಂಬ ಮಾತು ನಂಬಿ ಬಂದಿರುತ್ತಾರೆ. ದಾಖಲಾಗದ ಅರ್ಜಿಗೆ ಗಡುವೂ ಇಲ್ಲ, ವಿಳಂಬಕ್ಕೆ ಹೊಣೆಗಾರರೂ ಇಲ್ಲ.

ಹೀಗೇಕೆ ಆಗುತ್ತದೆ? ಜಮೀನು ದಾಖಲೆಗಳ ‘ಭೂಮಿ’ ತಂತ್ರಾಂಶದಲ್ಲಿ ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕೆಂಬ ಕಟ್ಟು ಇದೆ. ಒಮ್ಮೆ ಒಳಗೆ ಹೋದ ಅರ್ಜಿಯನ್ನು ಹಿಂದೆ ಮುಂದೆ ಮಾಡುವುದು ಸುಲಭವಲ್ಲ. ಹಾಗಾಗಿ ಹಣ ಕೀಳುವವರು ಕಂಪ್ಯೂಟರ್ ಕಾಣದ ಕಡೆ ತಡೆ ಒಡ್ಡುತ್ತಾರೆ. ಅರ್ಜಿಯನ್ನು ನಮೂದಿಸದೆ ಇಟ್ಟುಕೊಳ್ಳುವುದು, ಸ್ಥಳ ವರದಿ ಬರೆಯದೆ ಎಳೆಯುವುದು, ‘ದಾಖಲೆ ಸಾಲದು’ ಎಂದು ಕೊನೆಯ ದಿನ ತಿರಸ್ಕರಿಸುವುದು, ಈ ಮೂರು ಜಾಗಗಳಲ್ಲೇ ಮಾಮೂಲು ಹುಟ್ಟುವುದು.

ಆದ್ದರಿಂದ ಕಾಗದ ಮೊದಲೇ ಪೂರ್ತಿ ಇರಲಿ: ಮರಣ ಪ್ರಮಾಣಪತ್ರ, ವಂಶವೃಕ್ಷ, ಚಾಲ್ತಿ ವರ್ಷದ ಪಹಣಿ, ವಾರಸುದಾರರೆಲ್ಲರ ಆಧಾರ್. ಪಹಣಿಯಲ್ಲಿ ‘ಕೆಂಪಯ್ಯ ಬಿನ್ ಸಿದ್ದಯ್ಯ’, ಆಧಾರ್‌ನಲ್ಲಿ ‘ಕೆಂಪೇಗೌಡ’ ಎಂದಿದ್ದರೆ ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರವನ್ನು (ಅಫಿಡವಿಟ್) ನೋಟರಿ ಮಾಡಿಸಿ ಲಗತ್ತಿಸಿ. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರು ಬಿಡಬೇಡಿ. ಬಿಟ್ಟರೆ ಅದು ಅವರಿಗೆ ಅನ್ಯಾಯ. ಮುಂದೆ ತಕರಾರು ಬಂದು ಖಾತೆ ನಿಂತುಹೋಗುವುದೂ ಅದರಿಂದಲೇ.

ಸೇವೆಯು ಸರ್ಕಾರಿ ಕೆಲಸಕ್ಕೆ ಗಡುವು ಹಾಕುವ ‘ಸಕಾಲ’ ಕಾಯ್ದೆಯ ಪಟ್ಟಿಯಲ್ಲಿದ್ದರೆ ಸ್ವೀಕೃತಿಯ ಮೇಲೆ ಅರ್ಜಿಯನ್ನು ಗುರುತಿಸುವ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರಬೇಕು. 2011ರ ಈ ಕಾಯ್ದೆ 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಯಲ್ಲಿದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಸಿಗುತ್ತದೆ. ಅದನ್ನು ತಪ್ಪಿತಸ್ಥ ನೌಕರರಿಂದಲೇ ವಸೂಲಿ ಮಾಡಬೇಕು. ಮೊತ್ತ ಚಿಕ್ಕದು ನಿಜ, ಆದರೆ ಮೇಲ್ಮನವಿ ದಾಖಲಾದರೆ ವಿಳಂಬ ಯಾರ ಮೇಜಿನಲ್ಲಿ ಆಯಿತು ಎಂಬುದು ಹೆಸರು ಸಹಿತ ಕಾಗದಕ್ಕೆ ಬರುತ್ತದೆ. ಕೆಲಸ ಮಾಡಿಸುವುದು ಅದೇ.

ಆಗುವುದಿಲ್ಲ ಎಂದರೆ ‘ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೊಡಿ’ ಎಂದು ಬರಹದಲ್ಲಿ ಕೇಳಿ, ನಿಮ್ಮ ಪ್ರತಿಯ ಮೇಲೆ ಟಪಾಲು ವಿಭಾಗದ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಅದೂ ಬರದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ. ಅದರಲ್ಲಿ ‘ಏಕೆ ತಡ ಮಾಡಿದ್ದೀರಿ’ ಎಂದು ಬರೆಯಬೇಡಿ, ಕಾರಣ ಹೇಳುವುದು ಅವರ ಹೊಣೆಯಲ್ಲ ಎಂದು ಜಾರಿಕೊಳ್ಳುತ್ತಾರೆ. ‘ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ, ಕಡತ ಯಾವ ದಿನಾಂಕದಿಂದ ಯಾರ ಬಳಿ ಇದೆ ಎಂಬ ಚಲನವಲನ ವಹಿಯ ಪ್ರತಿ’ ಎಂದು ಕೇಳಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಉತ್ತರಕ್ಕೆ 30 ದಿನ. ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಮಾಹಿತಿ ಆಯೋಗಕ್ಕೆ ಹೋದ ಎರಡನೇ ಮೇಲ್ಮನವಿ ವಿಚಾರಣೆಗೆ ಬರಲು ಬಹಳ ಕಾಲ ಹಿಡಿಯುತ್ತದೆ. ಮೊದಲೆರಡು ಹಂತದಲ್ಲೇ ಬಿಗಿಯಾಗಿ ಹಿಡಿಯುವುದು ಜಾಣತನ.

ಪ್ರಶ್ನೆ: ಬಿಲ್ಲು ಪಾಸು ಮಾಡಲು ಅಧಿಕಾರಿಯೊಬ್ಬರು ನೇರವಾಗಿಯೇ ಹಣ ಕೇಳಿದ್ದಾರೆ. ಎಲ್ಲಿಗೆ ದೂರು ಕೊಡಬೇಕು, ಎಸಿಬಿಗೋ (ಭ್ರಷ್ಟಾಚಾರ ನಿಗ್ರಹ ದಳ) ಲೋಕಾಯುಕ್ತಕ್ಕೋ? ಬಲೆ ಬೀಸುವುದು ಎಂದರೆ ನಾವು ಏನು ಮಾಡಬೇಕು? ಮುಂದೆ ನಮ್ಮ ಕೆಲಸಕ್ಕೇ ಕುತ್ತು ಬಂದರೆ?

ಉತ್ತರ: ಎಸಿಬಿ ಈಗಿಲ್ಲ. 2016ರಲ್ಲಿ ಹುಟ್ಟಿದ ಆ ದಳವನ್ನು ರಾಜ್ಯ ಹೈಕೋರ್ಟ್ 2022ರ ಆಗಸ್ಟ್ 11ರಂದು ರದ್ದು ಮಾಡಿ, ತನಿಖೆಯ ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಗೆ ಮರಳಿಸಿತು. ನಿಮ್ಮ ಜಿಲ್ಲೆಯ ಲೋಕಾಯುಕ್ತ ಪೊಲೀಸ್ ಠಾಣೆಗೆ ಹೋಗಿ.

ಹೋಗುವ ಮುನ್ನ ಮೂರು ಎಚ್ಚರ. ಆ ಅಧಿಕಾರಿಗೆ ‘ಲೋಕಾಯುಕ್ತಕ್ಕೆ ಹೋಗ್ತೀನಿ’ ಎಂದು ಹೆದರಿಸಬೇಡಿ, ಬಲೆ ಅಲ್ಲಿಗೇ ಹರಿಯಿತು. ‘ತಗೊಳ್ಳಿ ಸಾರ್’ ಎಂದು ನೀವಾಗಿ ಮುಂದೊತ್ತಬೇಡಿ, ಬೇಡಿಕೆ ಅವರ ಬಾಯಿಂದಲೇ ಬರಬೇಕು. ಮಾತುಕತೆ ರೆಕಾರ್ಡ್ ಮಾಡಿದ್ದರೆ ಮೂಲ ಕಡತವನ್ನು ಕತ್ತರಿಸದೆ, ಅಳಿಸದೆ, ಅದೇ ಮೊಬೈಲಿನಲ್ಲಿ ಹಾಗೇ ಇಡಿ. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿಯೊಂದೇ ಉಳಿದರೆ ನ್ಯಾಯಾಲಯದಲ್ಲಿ ಅದರ ಬಲ ಕುಗ್ಗುತ್ತದೆ.

ಠಾಣೆಯಲ್ಲಿ ನಿಮ್ಮ ದೂರಿನ ಮೇಲೆ ಎಫ್‌ಐಆರ್ ಆಗುತ್ತದೆ. ಬೇರೆ ಇಲಾಖೆಯ ಇಬ್ಬರನ್ನು ಪಂಚರಾಗಿ, ಅಂದರೆ ಸಾಕ್ಷಿಗಳಾಗಿ, ಕರೆಸುತ್ತಾರೆ. ಹಣವನ್ನು ಸಾಮಾನ್ಯವಾಗಿ ನೀವೇ ಒಯ್ಯಬೇಕಾಗುತ್ತದೆ. ನೋಟಿನ ಸಂಖ್ಯೆಗಳನ್ನು ಬರೆದುಕೊಂಡು, ಫಿನಾಫ್ಥಲೀನ್ ಪುಡಿ ಸವರಿ, ನಿಮ್ಮ ಜೇಬಿಗೆ ಅವರೇ ಹಾಕುತ್ತಾರೆ. ಬಣ್ಣವಿಲ್ಲದ ಈ ಪುಡಿ ತಗುಲಿದ ಬೆರಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿದರೆ ನೀರು ಗುಲಾಬಿಯಾಗುತ್ತದೆ. ಅದಕ್ಕೇ ನೀವು ಆ ಅಧಿಕಾರಿಯ ಕೈ ಕುಲುಕಬಾರದು, ಅವರ ಮೇಜು, ಪೆನ್ನು ಮುಟ್ಟಬಾರದು. ಕೇಳಿದರೆ ಮಾತ್ರ ಕೊಡಬೇಕು. ಪಂಚರಲ್ಲಿ ಒಬ್ಬರು ನಿಮ್ಮ ಜೊತೆಯಲ್ಲೇ ಇದ್ದು ನೋಡುತ್ತಾರೆ, ಕೇಳುತ್ತಾರೆ. ಕೊಟ್ಟ ಬಳಿಕ ಮೊದಲೇ ಹೇಳಿಕೊಟ್ಟ ಸನ್ನೆ ಮಾಡಬೇಕು.

ಬಹಳ ಪ್ರಕರಣ ಬೀಳುವುದು ಒಂದು ಎಡೆಯಲ್ಲಿ: ಹಣ ಸಿಕ್ಕಿತು, ನೀರೂ ಗುಲಾಬಿಯಾಯಿತು, ಆದರೆ ಕೇಳಿದ್ದಕ್ಕೆ ಸಾಕ್ಷ್ಯವಿಲ್ಲ. ‘ಸಾಲದ ಹಣ ಹಿಂದಿರುಗಿಸಿದರು’ ಎಂದು ಆರೋಪಿ ಹೇಳಿದರೆ ಉತ್ತರವಿರುವುದಿಲ್ಲ. ವರ್ಷಗಳ ನಂತರ ದೂರುದಾರರೇ ರಾಜಿಯಾಗಿ ಪ್ರತಿಕೂಲ ಸಾಕ್ಷಿಯಾಗುವುದೂ ಉಂಟು. 2022ರ ಡಿಸೆಂಬರ್ 15ರಂದು ನೀರಜ್ ದತ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ದೂರುದಾರರು ತಿರುಗಿ ನಿಂತರೂ ತೀರಿಕೊಂಡರೂ ಬೇರೆ ಸಾಕ್ಷ್ಯ, ಸನ್ನಿವೇಶಗಳಿಂದ ಬೇಡಿಕೆಯನ್ನು ಸಾಬೀತುಪಡಿಸಬಹುದು ಎಂದಿತು. ಬೇಡಿಕೆ ಸಾಬೀತಾಗಲೇಬೇಕು ಎಂಬುದನ್ನೂ ಅದೇ ತೀರ್ಪು ಎತ್ತಿಹಿಡಿದಿದೆ.

ನಿಮ್ಮ ಕೊನೆಯ ಆತಂಕ ಸಹಜ. ಬಲೆಯ ದಿನ ನಿಮ್ಮ ಕಡತವೂ ಸಾಕ್ಷ್ಯವಾಗಿ ಜಪ್ತಿಯಾಗಬಹುದು, ಆಮೇಲೆ ‘ಕಡತವೇ ಇಲ್ಲ, ಏನು ಮಾಡೋಣ’ ಎನ್ನುವವರಿದ್ದಾರೆ. ದೂರು ಕೊಡುವ ಮುನ್ನವೇ ನಿಮ್ಮ ಕಾಗದಗಳೆಲ್ಲದರ ಪ್ರತಿ ಇಟ್ಟುಕೊಳ್ಳಿ. ಜಪ್ತಿಯಾದ ಕಡತದ ದೃಢೀಕೃತ ಪ್ರತಿಗಳನ್ನು ಕಚೇರಿಗೆ ಒದಗಿಸುವಂತೆ ತನಿಖಾಧಿಕಾರಿಗೆ ಬರಹದಲ್ಲಿ ಕೇಳಿ, ಆ ಮನವಿಯ ಪ್ರತಿಯನ್ನು ಇಲಾಖೆಯ ಮೇಲಧಿಕಾರಿಗೂ ಕಳಿಸಿ.

ಪ್ರಶ್ನೆ: ಈಗಾಗಲೇ ಕೊಟ್ಟುಬಿಟ್ಟಿದ್ದೇನೆ. ಕೊಟ್ಟವರ ಮೇಲೂ ಕೇಸು ಆಗುತ್ತದಂತೆ, ಹೌದೇ?

ಉತ್ತರ: ಹೌದು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯಂತೆ ಲಂಚ ಕೊಟ್ಟವರಿಗೂ 7 ವರ್ಷದವರೆಗೆ ಶಿಕ್ಷೆ ಆಗಬಹುದು. ಆದರೆ ಬಲವಂತಕ್ಕೆ ಸಿಕ್ಕಿ ಕೊಟ್ಟವರು 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ರಕ್ಷಣೆ ಇದೆ. ಮೊದಲೇ ತಿಳಿಸಿ ಬಲೆಗೆ ನೆರವಾಗಿ ಕೊಟ್ಟವರಿಗೂ ಇದೆ. ನೀವು ಕೊಟ್ಟ ದಿನದಿಂದ ಎಣಿಸಿ, ದಿನ ಉಳಿದಿದ್ದರೆ ಇಂದೇ ಹೋಗಿ. ಹಣ ಫೋನ್ ಪೇ, ಗೂಗಲ್ ಪೇ ಮೂಲಕ ಅವರ ನೆಂಟರ ಖಾತೆಗೆ ಹೋಗಿದ್ದರೂ ಅಪರಾಧವೇ. ಮೂರನೆಯವರ ಕೈಯಿಂದ ಪಡೆದರೂ ಪಡೆದಂತೆಯೇ ಎಂದು ಕಾಯ್ದೆ ಹೇಳುತ್ತದೆ.

ಪ್ರಶ್ನೆ: ನಮ್ಮ ಬೀದಿಗೆ ಹಾಕಿದ ಸಿಸಿ ರಸ್ತೆ ಒಂದೇ ಮಳೆಗಾಲಕ್ಕೆ ಸೀಳುಬಿಟ್ಟಿದೆ. ಇದರಲ್ಲಿ ಪರ್ಸೆಂಟೇಜ್ ನುಂಗಿದ್ದಾರೋ ಅಥವಾ ಕೆಲಸವೇ ಕೆಟ್ಟದ್ದೋ, ಸಾಮಾನ್ಯ ಜನ ಹೇಗೆ ಪತ್ತೆ ಮಾಡುವುದು?

ಉತ್ತರ: ಅಳತೆಯಿಂದ ಶುರು ಮಾಡಿ. 100 ಮೀಟರ್ ಉದ್ದ, 3.5 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಎಂದು ಅಂದಾಜುಪಟ್ಟಿಯಲ್ಲಿದ್ದರೆ 52.5 ಘನ ಮೀಟರ್ ಕಾಂಕ್ರೀಟ್ ಬೇಕು. 10 ಸೆಂಟಿಮೀಟರ್ ಹಾಕಿ ಮುಗಿಸಿದರೆ ಬಿದ್ದದ್ದು 35 ಮಾತ್ರ. ಉಳಿದ 17.5 ಘನ ಮೀಟರಿಗೆ, ಘನ ಮೀಟರಿಗೆ ಆರೂವರೆ ಚೀಲದಂತೆ ಹಿಡಿದರೂ, ನೂರಕ್ಕೂ ಹೆಚ್ಚು ಚೀಲ ಸಿಮೆಂಟು ಲೆಕ್ಕದಲ್ಲಷ್ಟೇ ಇದೆ. ಜನರಿಗೆ ಆಗುವ ನಷ್ಟ ಇದಕ್ಕಿಂತ ದೊಡ್ಡದು. ಚಪ್ಪಡಿ ಬಾಗುವುದನ್ನು ತಡೆಯುವ ಶಕ್ತಿ ದಪ್ಪದ ವರ್ಗಕ್ಕೆ (ದಪ್ಪ × ದಪ್ಪ) ತಕ್ಕಂತೆ ಇರುತ್ತದೆ. ದಪ್ಪ ಮೂರರಲ್ಲಿ ಒಂದು ಪಾಲು ಕಡಿಮೆಯಾದರೆ ಶಕ್ತಿ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಕಬ್ಬಿನ ಲಾರಿಯೋ ನೀರಿನ ಟ್ಯಾಂಕರೋ ನಾಲ್ಕು ಸಲ ಹೋದರೆ ಸೀಳು ಬಿಡದೆ ಇನ್ನೇನು? ಕದ್ದವರಿಗೆ ಸಿಕ್ಕದ್ದು ಮೂರರಲ್ಲೊಂದು ಪಾಲು, ಊರು ಕಳೆದುಕೊಂಡದ್ದು ಇಡೀ ರಸ್ತೆ. ಭ್ರಷ್ಟಾಚಾರದ ಲೆಕ್ಕವನ್ನು ನುಂಗಿದ ಮೊತ್ತದಲ್ಲಷ್ಟೇ ಹಾಕುವುದು ತಪ್ಪು ಎನ್ನುವುದು ಇದಕ್ಕೇ.

ದಪ್ಪವನ್ನು ರಸ್ತೆಯ ಅಂಚಿನಲ್ಲಿ ಅಳೆದು ನಿರ್ಧರಿಸಬೇಡಿ. ಅಂಚಿಗೆ ಹಲಗೆ ಕಟ್ಟಿ ಸರಿಯಾದ ದಪ್ಪ ತೋರಿಸಿ, ನಡುವೆ ಮಣ್ಣನ್ನು ಉಬ್ಬಿಸಿಟ್ಟು ತೆಳುವಾಗಿ ಸುರಿಯುವುದು ಹಳೆಯ ಚಾಳಿ. ನಡುಭಾಗದಲ್ಲಿ ಯಂತ್ರದಿಂದ ಕೊರೆದು ಕೋರ್ (ಕಾಂಕ್ರೀಟಿನ ಉರುಳೆ ತುಂಡು) ತೆಗೆಸಬೇಕು, ದಪ್ಪವೂ ಗಟ್ಟಿತನವೂ ಅದರಲ್ಲೇ ತಿಳಿಯುತ್ತದೆ. ಎಲ್ಲ ಬಿರುಕೂ ಕಳ್ಳತನವಲ್ಲ ಎಂಬುದನ್ನೂ ಹೇಳಬೇಕು. ಕನಿಷ್ಠ 14 ದಿನ ನೀರು ನಿಲ್ಲಿಸಿ ಹದ ಮಾಡದಿದ್ದರೆ, ಸರಿಯಾದ ಅಂತರದಲ್ಲಿ ಅಡ್ಡ ಜೋಡುಗೆರೆ ಕೊಯ್ಯದಿದ್ದರೆ ಪ್ರಾಮಾಣಿಕವಾಗಿ ಸುರಿದ ಕಾಂಕ್ರೀಟೂ ಸೀಳುತ್ತದೆ.

ಕಾಗದದಲ್ಲಿ ಕೇಳಬೇಕಾದದ್ದು: ಮಂಜೂರಾದ ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ (ಎಂ.ಬಿ.) ಪುಟಗಳು, ಗುಣಮಟ್ಟ ಪರೀಕ್ಷೆಯ ವರದಿ, ದೋಷ ಹೊಣೆಗಾರಿಕೆಯ ಅವಧಿ ಎಷ್ಟು ಎಂಬುದು. ಆ ಅವಧಿ ಮುಗಿದಿಲ್ಲದಿದ್ದರೆ ಗುತ್ತಿಗೆದಾರರು ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕು. ಎಷ್ಟೋ ಊರುಗಳಲ್ಲಿ ಈ ಅಂಶ ಗೊತ್ತಿಲ್ಲದೆ ಅದೇ ರಸ್ತೆಗೆ ಮತ್ತೊಂದು ಬಿಲ್ಲು ಆಗುತ್ತದೆ. ಮಾಹಿತಿ ಹಕ್ಕು ಕಾಯ್ದೆ ಕಾಗದಕ್ಕಷ್ಟೇ ಸೀಮಿತವಲ್ಲ. ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದರ 2(ಜೆ) ಕಲಮಿನಲ್ಲಿದೆ. ಇದನ್ನು ಬಳಸುವವರು ತೀರಾ ಕಡಿಮೆ ಎಂಬುದು ನಮ್ಮ ಬೇಸರ.

ಟೆಂಡರ್ ಹೇಗಾಯಿತು ಎಂಬುದನ್ನೂ ನೋಡಿ. ದೊಡ್ಡ ಕಾಮಗಾರಿಯನ್ನು ಟೆಂಡರ್ ಬೇಡದ ಮಿತಿಯೊಳಗಿನ ತುಂಡುಗಳಾಗಿ ಒಡೆದಿದ್ದಾರೆಯೇ? ಸರ್ಕಾರಿ ಖರೀದಿ, ಗುತ್ತಿಗೆಗಳ 1999ರ ಪಾರದರ್ಶಕ ಕಾಯ್ದೆಯ 4(ಜಿ) ವಿನಾಯಿತಿಯಡಿ ಟೆಂಡರೇ ಇಲ್ಲದೆ ಕೊಟ್ಟಿದ್ದಾರೆಯೇ? ಪೈಪೋಟಿ ಇಲ್ಲದ ಕಡೆ ಕಮಿಷನ್ನಿಗೆ ಜಾಗ ಹೆಚ್ಚು.

ಪ್ರಶ್ನೆ: ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ನೇಮಕಾತಿ ಹಗರಣದ ನಂತರ ಓದುವ ಮನಸ್ಸೇ ಹೋಗಿದೆ. ಅಭ್ಯರ್ಥಿಯಾಗಿ ನಾನು ಏನು ಮಾಡಬಹುದು?

ಉತ್ತರ: ನಿಮ್ಮ ನೋವು ಅರ್ಥವಾಗುತ್ತದೆ. 545 ಹುದ್ದೆಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು, 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಎರಡು ವರ್ಷ ಮೂರು ತಿಂಗಳಿಗೂ ಹೆಚ್ಚು ಕಾಲ ಪ್ರಾಮಾಣಿಕವಾಗಿ ಓದಿದವರ ವಯಸ್ಸು, ಕೋಚಿಂಗ್ ಸಾಲ, ಮನೆಯವರ ತಾಳ್ಮೆ ಎಲ್ಲ ಕರಗಿದವು. ಠಾಣೆಗಳಿಗೂ ಅಷ್ಟು ಅಧಿಕಾರಿಗಳು ಬರಲಿಲ್ಲ. ವೃತ್ತ ತುಂಬಿ ಉತ್ತರ ಗುರುತಿಸುವ ಒಎಂಆರ್ ಹಾಳೆಯಲ್ಲಿ ಖಾಲಿ ಬಿಟ್ಟ ಉತ್ತರಗಳನ್ನು ಆಮೇಲೆ ತುಂಬಿಸಿದ್ದು ಆ ಹಗರಣದ ಒಂದು ದಾರಿ.

ಹಾಗಾಗಿ ಖಾಲಿ ಸಾಲು ಎಷ್ಟು ಬಿಟ್ಟಿರಿ ಎಂದು ಎಣಿಸಿಟ್ಟುಕೊಳ್ಳಿ, ಕಾರ್ಬನ್ ಪ್ರತಿಯನ್ನು ನೇಮಕಾತಿ ಪೂರ್ತಿ ಮುಗಿಯುವ ತನಕ ಕಾಪಾಡಿ. ಕೀ ಉತ್ತರಕ್ಕೆ ಆಕ್ಷೇಪಣೆಯ ದಿನ ತಪ್ಪಿಸಬೇಡಿ. ನಿಮ್ಮ ಮೌಲ್ಯಮಾಪನವಾದ ಉತ್ತರ ಪತ್ರಿಕೆ ನೋಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿದಿದೆ. ‘ಸೀಟು ಮಾಡಿಸಿಕೊಡ್ತೀವಿ’ ಎಂದು ಯಾರೇ ಫೋನ್ ಮಾಡಿದರೂ ಆ ಸಂಖ್ಯೆ, ದಿನ, ಹೊತ್ತು ಬರೆದಿಟ್ಟು ಪರೀಕ್ಷೆಗೆ ಮೊದಲೇ ದೂರು ಕೊಡಿ. ಫಲಿತಾಂಶ ಬಂದ ಮೇಲೆ ಕೊಟ್ಟ ದೂರು ಸೋತವರ ಸಿಟ್ಟಿನಂತೆ ಕಾಣುತ್ತದೆ.

ಪ್ರಶ್ನೆ: ನಾನು ದುಬೈನಲ್ಲಿದ್ದೇನೆ. ಊರಿನ ನಿವೇಶನದ ಖಾತೆ ಮಾಡಿಸಲು ಏಜೆಂಟರು ‘ಒಳಗೆ ಕೊಡಬೇಕು’ ಎಂದು ಫೀಸಿನ ಮೇಲೆ ದೊಡ್ಡ ಮೊತ್ತ ಕೇಳುತ್ತಿದ್ದಾರೆ. ನಾನು ಕೊಟ್ಟದ್ದು ಏಜೆಂಟರಿಗೆ ತಾನೆ, ಲಂಚ ಹೇಗಾಗುತ್ತದೆ?

ಉತ್ತರ: ‘ಒಳಗೆ ಕೊಡಬೇಕು’ ಎಂದು ತಿಳಿದೂ ಕೊಟ್ಟರೆ ಅದು ಲಂಚವೇ, ಮಧ್ಯೆ ಎಷ್ಟು ಕೈಗಳಿದ್ದರೂ ಸರಿ. ಅಧಿಕಾರಿಯ ಮೇಲೆ ಪ್ರಭಾವ ಬೀರುತ್ತೇನೆಂದು ಹಣ ಪಡೆಯುವ ಮಧ್ಯವರ್ತಿಗೂ ಭ್ರಷ್ಟಾಚಾರ ತಡೆ ಕಾಯ್ದೆಯ 7ಎ ಕಲಮಿನಡಿ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಶಿಕ್ಷೆ ಇದೆ. ಇಂಥ ಮೊತ್ತದಲ್ಲಿ ಎಷ್ಟು ಒಳಗೆ ಹೋಯಿತು, ಎಷ್ಟು ಏಜೆಂಟರ ಜೇಬಿನಲ್ಲೇ ಉಳಿಯಿತು ಎಂದು ತಿಳಿಯುವ ದಾರಿಯೂ ನಿಮಗಿಲ್ಲ.

ಏಜೆಂಟರಿಂದ ಬರಹದಲ್ಲಿ ಎರಡು ಸಾಲಿನ ಲೆಕ್ಕ ಕೇಳಿ: ರಸೀದಿ ಸಿಗುವ ಸರ್ಕಾರಿ ಶುಲ್ಕ ಎಷ್ಟು, ತಮ್ಮ ಓಡಾಟದ ಫೀಸು ಎಷ್ಟು. ಮೂರನೇ ಸಾಲು ಬಂದರೆ ಅವರನ್ನು ಬಿಡಿ. ಊರಿನಲ್ಲಿರುವ ನಂಬಿಕಸ್ತ ಸಂಬಂಧಿಕರಿಗೆ ಖಾತೆಯ ಕೆಲಸಕ್ಕಷ್ಟೇ ಸೀಮಿತವಾದ ಅಧಿಕಾರ ಪತ್ರ ಮಾಡಿಕೊಡಿ, ಮಾರಾಟದ ಅಧಿಕಾರ ಅದರಲ್ಲಿ ಸೇರದಿರಲಿ. ಅರ್ಜಿಗೆ ನಿಮ್ಮದೇ ಮೊಬೈಲ್ ಸಂಖ್ಯೆ, ಇ-ಮೇಲ್ ಕೊಡಿ. ಏಜೆಂಟರ ಸಂಖ್ಯೆ ಕೊಟ್ಟರೆ ಕಚೇರಿಯಿಂದ ಬರುವ ಆಕ್ಷೇಪಣೆ, ಒಟಿಪಿ ಎಲ್ಲ ಅವರ ಕೈಯಲ್ಲೇ ಉಳಿದು, ಆಗಿಹೋದ ಕೆಲಸಕ್ಕೂ ‘ಇನ್ನೂ ಒಳಗಿದೆ’ ಎಂದು ಹಣ ಕೇಳುತ್ತಾರೆ.