1962ರ ಹಬ್ಬಕ್ಕೆ ಪರಂಪರೆ ಎನ್ನಬಹುದೇ?

(ಘಾನಾ ದೇಶದ ಹೊಗ್ಬೆತ್ಸೊತ್ಸೊ ಹಬ್ಬದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ಶಿರಸಿಯ ಓದುಗರೊಬ್ಬರ ಆಕ್ಷೇಪ ಹೀಗಿದೆ: “1962ರಲ್ಲಿ ಹುಟ್ಟಿದ ಹಬ್ಬವನ್ನು ಪರಂಪರೆ ಎಂದು ಕೊಂಡಾಡಿದ್ದೀರಿ. ಮುಖಂಡರ ಮೆರವಣಿಗೆ, ಮಂತ್ರಿಗಳ ಭಾಷಣ ಬಿಟ್ಟರೆ ಅದರಲ್ಲೇನಿದೆ? ಅಂದಹಾಗೆ, ನಮ್ಮ ಯಲ್ಲಾಪುರದ ಕಡೆಯ ಸಿದ್ದಿಗಳು ಇದೇ ಜನವೇ?”)

ಮಾನ್ಯರೇ,

ಹಬ್ಬ ಹೊಸದು, ಒಪ್ಪಿದೆ. ಅದು ನೆನೆಯುವ ಕಥೆ ಮಾತ್ರ ಹಳೆಯದು. ಈ ಹಬ್ಬ ಎವೆ ಜನರ ಆನ್ಲೊ ಎಂಬ ಪಂಗಡದ್ದು. ಎವೆ ಜನ ಇಂದು ಘಾನಾ, ಟೋಗೊ, ಬೆನಿನ್ ದೇಶಗಳಲ್ಲಿ ಹಂಚಿಹೋಗಿದ್ದಾರೆ. ಅವರ ಹಿರೀಕರು ಒಂದು ಕಾಲಕ್ಕೆ ನೊತ್ಸೆ ಎಂಬ ಕೋಟೆಯೂರಿನಲ್ಲಿ ಅಗೊಕೊಲಿ ಎಂಬ ದೊರೆಯ ಕೈಕೆಳಗೆ ಇದ್ದರಂತೆ. ಆ ದೊರೆಯ ಕಾಟ ಒಂದೆರಡಲ್ಲ. ಗೋಡೆ ಕಟ್ಟುವ ಮಣ್ಣಿಗೆ ಮುಳ್ಳು ಬೆರೆಸಿ ತುಳಿಸಿದ. ಮಣ್ಣಿನಲ್ಲೇ ಹಗ್ಗ ಹೊಸೆದು ತನ್ನಿ ಎಂದ. “ಹಳೆಯ ಹಗ್ಗದ ತುಂಡೊಂದು ಕೊಡಿ ಸ್ವಾಮಿ, ಅದನ್ನು ನೋಡಿಕೊಂಡು ಹೊಸೆಯುತ್ತೇವೆ” ಎಂದರಂತೆ ಹಿರಿಯರು. ನಮ್ಮ ತೆನಾಲಿ ರಾಮ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದ.

ಕೊನೆಗೆ ಹೆಂಗಸರು ಪಾತ್ರೆ, ಬಟ್ಟೆ ತೊಳೆದ ನೀರನ್ನು ದಿನವೂ ಗೋಡೆಯ ಒಂದೇ ಜಾಗಕ್ಕೆ ಎರಚುತ್ತಾ ಬಂದರು. ಮಣ್ಣು ನೆನೆದು ಮೆತ್ತಗಾಯಿತು. ಒಂದು ರಾತ್ರಿ ಡೋಲು ಜೋರಾಗಿ ಬಾರಿಸುತ್ತಾ, ಆ ಗದ್ದಲದಲ್ಲಿ ಗೋಡೆ ಕೊರೆದು ಹೊರಬಿದ್ದರು. ಹೆಜ್ಜೆ ಗುರುತು ಊರೊಳಕ್ಕೆ ಹೋದಂತೆ ಕಾಣಲಿ ಎಂದು ಹಿಮ್ಮುಖವಾಗಿ ನಡೆದರು. ಹಬ್ಬದ ಹುಸಾಗೊ ಕುಣಿತದಲ್ಲಿ ಇವತ್ತಿಗೂ ಆ ಹಿಂದೆಜ್ಜೆ ಇದೆ.

ಇದೆಲ್ಲ ಅಕ್ಷರಶಃ ನಡೆದದ್ದೇ? ಕೋಟೆಗೋಡೆಯ ಅವಶೇಷ ನೊತ್ಸೆಯಲ್ಲಿ ಉಂಟು. ಆದರೆ 19ನೇ ಶತಮಾನದಲ್ಲಿ ಅಲ್ಲಿಗೆ ಬಂದ ಜರ್ಮನ್ ಮಿಷನರಿಗಳಿಗೆ ಈ ಕಥೆ ಬೈಬಲಿನಲ್ಲಿ ಮೋಸೆಸ್ ತನ್ನ ಜನರನ್ನು ಗುಲಾಮಗಿರಿಯಿಂದ ಬಿಡಿಸಿ ಕರೆತಂದ ಪ್ರಸಂಗದಂತೆ ಕಂಡು, ಅವರೇ ಅದನ್ನು ಶಾಲೆಗಳಲ್ಲಿ ಹಬ್ಬಿಸಿದರು ಎನ್ನುವ ಇತಿಹಾಸಕಾರರಿದ್ದಾರೆ. ಇರಬಹುದು. ಹಾಗೆಂದು ಕಥೆ ಆ ಜನರದ್ದಲ್ಲ ಎನ್ನಲಾದೀತೇ?

ಇಸವಿಯನ್ನೂ ಸ್ವಲ್ಪ ಗಮನಿಸಿ. ಘಾನಾ ಸ್ವತಂತ್ರವಾದದ್ದು 1957ರಲ್ಲಿ, ಟೋಗೊ 1960ರಲ್ಲಿ. ಹಬ್ಬ ನಡೆಯುವ ಆನ್ಲೊಗಾ ಘಾನಾದ ಪಾಲಿಗೆ ಬಂತು, ಮೂಲದ ನೊತ್ಸೆ ಟೋಗೊದಲ್ಲಿ ಉಳಿಯಿತು. ಮೂಲದೂರು ಪರದೇಶವಾದ ಹೊತ್ತಿನಲ್ಲಿ ಆನ್ಲೊ ಎವೆಗಳು ಈ ಹಬ್ಬ ಹೂಡಿದ್ದು ನನಗಂತೂ ಕಾಕತಾಳೀಯ ಅನ್ನಿಸುವುದಿಲ್ಲ.

ಇನ್ನು ಮೆರವಣಿಗೆ, ಭಾಷಣ. ನೀವು ಹೇಳುವುದು ನವೆಂಬರಿನ ಮೊದಲ ಶನಿವಾರದ ದರ್ಬಾರು. ಆಕ್ರಾದಿಂದ, ಲೋಮೆಯಿಂದ, ವಿದೇಶಗಳಿಂದ ಊರ ಮಕ್ಕಳು ಬಂದು ಸೇರುವ ದಿನ. ದೊಡ್ಡ ಛತ್ರಿಗಳ ಕೆಳಗೆ ಮುಖಂಡರು ಕೂರುತ್ತಾರೆ. ಅವರಾಡಿದ್ದನ್ನು ಕೋಲು ಹಿಡಿದ ವಕ್ತಾರ ಸಭೆಗೆ ತಿಳಿಸುತ್ತಾನೆ. ರಾಜಕಾರಣಿಗಳಿಗೆ ಮೈಕು ಸಿಕ್ಕರೆ ಬಿಡುವುದಿಲ್ಲ, ಅದು ಎಲ್ಲ ಕಡೆಯ ಕಥೆ. ಹಬ್ಬದ ಜೀವ ಇರುವುದು ಅದಕ್ಕೂ ಮುಂಚಿನ ದಿನಗಳಲ್ಲಿ. ಹಿರೀಕರು ಅಷ್ಟು ದೂರ ಬಂದು ಮುಟ್ಟಿದ್ದು ದಾರಿಯಲ್ಲಿ ಜಗಳವಾಡದೆ ಬಂದದ್ದರಿಂದ ಎಂಬ ನಂಬಿಕೆ ಆನ್ಲೊಗಳದು. ಅದಕ್ಕೇ ದರ್ಬಾರಿಗೆ ಮೊದಲು ಊರಿನ ವ್ಯಾಜ್ಯಗಳನ್ನೆಲ್ಲ ಕೂತು ಬಗೆಹರಿಸಬೇಕು. ನುಗ್ಬಿಡೊಡೊ ಎಂಬ ರಾಜಿಯ ವಿಧಿಯೇ ಇದೆ. ಹಿರಿಯರ ಪೀಠಗಳ ಶುದ್ಧಿ, ಊರೆಲ್ಲ ಗುಡಿಸಿ ಚೊಕ್ಕಟ ಮಾಡುವುದು, ಎಲ್ಲ ಆಗಬೇಕು.

ರಾಜಿ ಸುಲಭವೆಂದೇನಲ್ಲ. 1990ರ ದಶಕದ ಕೊನೆಯಲ್ಲಿ ಆನ್ಲೊಗಳ ಪರಮ ಮುಖಂಡ ಎರಡನೇ ಅಡೆಲಾಡ್ಜಾ ತೀರಿಕೊಂಡ ಮೇಲೆ ಪೀಠಕ್ಕೆ ಯಾರು ಎಂಬ ತಕರಾರು ಎದ್ದಿತು. 2007ರಲ್ಲಿ ಅದು ಆನ್ಲೊಗಾದ ಬೀದಿಗೇ ಬಂದು ಜೀವಗಳು ಹೋದವು. ಹಬ್ಬವೂ ಕೆಲವು ವರ್ಷ ನಿಂತಿತ್ತು. ಪ್ರವಾಸಿಗರಿಗಾಗಿ ನಡೆಸುವ ಜಾತ್ರೆಯಾಗಿದ್ದರೆ, ಹೊಸ ಮುಖಂಡರು ಪೀಠವೇರುವ ತನಕ ಕಾಯುವ ದರ್ದು ಏನಿತ್ತು?

ಸಿದ್ದಿಗಳ ಪ್ರಶ್ನೆಗೆ ಉತ್ತರ: ಇಲ್ಲ, ಅವರು ಇದೇ ಜನವಲ್ಲ. ಎವೆಗಳದು ಆಫ್ರಿಕಾದ ಪಶ್ಚಿಮ ಕರಾವಳಿ. ಸಿದ್ದಿಗಳ ಪೂರ್ವಜರು ಹೆಚ್ಚಾಗಿ ಪೂರ್ವ ಆಫ್ರಿಕಾದವರು. ಪೋರ್ಚುಗೀಸರ ಗೋವಾದಲ್ಲಿ ಗುಲಾಮರಾಗಿದ್ದವರಲ್ಲಿ ಅನೇಕರು ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದರು. ಅವರ ಡಮಾಮಿ ಕುಣಿತದ ಬಗ್ಗೆ ಬೇರೆಯೇ ಲೇಖನ ಬೇಕು. ನೀವು ಆ ಸೀಮೆಯವರೇ ಆದ್ದರಿಂದ, ಬರೆದು ಕಳಿಸಿದರೆ ಸಂತೋಷ.

– ಸಂ.